ವಿಮಾನ ಇಳಿಯದ ಪೆಸಿಫಿಕ್ ದ್ವೀಪಗಳಿಗೆ ಹಡಗಿನಲ್ಲಿ ಹೋದವರು ಯಾರಾದರೂ ಇದ್ದೀರಾ?

ಘಟ್ಟದ_ಕೆಳಗೆ

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಎರಡು ತಿಂಗಳು ರಜೆ ಸಿಗುವ ಹಾಗಿದೆ. ಫಿಜಿ, ಸಮೋವಾ ಕಡೆ ಹೋಗಬೇಕು ಅಂತ ತುಂಬಾ ದಿನದ ಆಸೆ. ರೆಸಾರ್ಟ್ ಬೇಡ. ಹಡಗು ಬಿಟ್ಟು ಬೇರೆ ದಾರಿಯೇ ಇಲ್ಲದ ಊರುಗಳನ್ನು ನೋಡಬೇಕು. ನಕ್ಷೆ ನೋಡುತ್ತಾ ಕೂತಾಗ ಸಮೋವಾದ ಉತ್ತರಕ್ಕೆ ಟೊಕೆಲೌ ಕಣ್ಣಿಗೆ ಬಿತ್ತು. ಮೂರೇ ಹವಳದ ದ್ವೀಪ, ವಿಮಾನ ನಿಲ್ದಾಣ ಇಲ್ಲ. ಅಲ್ಲಿಂದ ಮನಸ್ಸು ಕದಲುತ್ತಿಲ್ಲ.

ಅಲ್ಲಿಗೆ ಹಡಗು ಹೇಗೆ ಹಿಡಿಯುವುದು? ಭಾರತದ ಪಾಸ್‌ಪೋರ್ಟ್‌ಗೆ ತೊಂದರೆ ಆಗುತ್ತದಾ? ಯಾವ ತಿಂಗಳು ಒಳ್ಳೆಯದು? ನಾನು ಸಸ್ಯಾಹಾರಿ. ಘಟ್ಟದ ಬಸ್ಸಿನಲ್ಲೇ ಅವೊಮಿನ್ ನುಂಗುವವನು, ಹಾಗಾಗಿ ಸಮುದ್ರದ ಬಗ್ಗೆ ಭಯವೂ ಇದೆ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಸುವಾ_ವಾಸಿ

ನಾನು ಫಿಜಿಯ ರಾಜಧಾನಿ ಸುವಾದಲ್ಲಿ ಪಾಠ ಮಾಡಿಕೊಂಡು ಇದ್ದೇನೆ. ಗೊತ್ತಿರುವಷ್ಟು ಹೇಳುತ್ತೇನೆ.

ಪಾಸ್‌ಪೋರ್ಟ್ ವಿಷಯದಲ್ಲಿ ನಮಗೆ ಈ ಭಾಗ ಸಲೀಸು. ಫಿಜಿ, ಸಮೋವಾ, ಕುಕ್ ದ್ವೀಪಗಳು, ವನುವಾಟು ಇಲ್ಲೆಲ್ಲ ಭಾರತೀಯರು ಮೊದಲೇ ವೀಸಾ ಮಾಡಿಸಬೇಕಿಲ್ಲ. ಟುವಾಲು ಇಳಿದ ಮೇಲೆ ಕೊಡುತ್ತದೆ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಸಿಕ್ಕಿಬೀಳುವುದು ದಾರಿಯಲ್ಲಿ. ಆಸ್ಟ್ರೇಲಿಯಾ ಅಥವಾ ನ್ಯೂಜಿಲೆಂಡ್ ಮೇಲೆ ಬಂದರೆ ಟ್ರಾನ್ಸಿಟ್ ವೀಸಾ ಕೇಳಬಹುದು. ಸಿಂಗಪುರದಿಂದ ನೇರ ಫಿಜಿಯ ನಾಂದಿ ಊರಿಗೆ ಬರುವ ವಿಮಾನ ಹಿಡಿದರೆ ಆ ತಲೆನೋವಿಲ್ಲ. ಇನ್ನು ತಾಹಿತಿ ಇರುವ ಫ್ರೆಂಚ್ ಪಾಲಿನೇಷ್ಯಾ ಬೇರೆಯೇ ಕಥೆ. ಅಲ್ಲಿಗೆ ವೀಸಾ ಬೇಕು. ಯುರೋಪಿನ ಷೆಂಗೆನ್ ವೀಸಾ ಇದೆ, ಅದೇ ನಡೆಯುತ್ತದೆ ಅಂದುಕೊಂಡು ಹೊರಡಬೇಡಿ. ಆ ಜಾಗಕ್ಕೆ ಸಲ್ಲುತ್ತದೆ ಅಂತ ವೀಸಾದ ಮೇಲೆ ಬರೆದಿರಬೇಕು.

ಹಡಗಿನ ಬಗ್ಗೆ. ಸುವಾದ ವಾಲು ಬೇ ಕಡೆ ಹೋದರೆ ಹೊರದ್ವೀಪಗಳಿಗೆ ಹೊರಡುವ ಹಡಗುಗಳು ಕಾಣುತ್ತವೆ. ಪೂರ್ವದ ಲಾವು ದ್ವೀಪಗಳಂಥ ಕಡೆಗೆ ಪ್ರಯಾಣಿಕರ ದುಡ್ಡಿನಿಂದಲೇ ಹಡಗು ಓಡಿಸಲು ಗಿಟ್ಟುವುದಿಲ್ಲ. ಸರ್ಕಾರ ಸಹಾಯಧನ ಕೊಟ್ಟು ಓಡಿಸುತ್ತದೆ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಸಿಮೆಂಟ್, ತಗಡು ಹೊತ್ತು ಹೋಗಿ ಕೊಬ್ಬರಿ ತುಂಬಿಕೊಂಡು ಬರುತ್ತದೆ. ಜನ ಅದರ ನಡುವೆ ಚಾಪೆ ಹಾಸಿಕೊಂಡು ಮಲಗುತ್ತಾರೆ. ಮಂಗಳವಾರ ಹೊರಡುತ್ತದೆ ಅಂದ ಹಡಗು ಶುಕ್ರವಾರ ಹೊರಡುವುದು ಇಲ್ಲಿ ಸುದ್ದಿಯೇ ಅಲ್ಲ. ಸಾಮಾನು ಬಂದಿರುವುದಿಲ್ಲ, ಇಲ್ಲವೇ ಗಾಳಿ ಜಾಸ್ತಿ ಇರುತ್ತದೆ. ವಾಪಸ್ ಬರುವ ವಿಮಾನಕ್ಕೂ ಹಡಗಿಗೂ ನಡುವೆ ಕಡಿಮೆ ಅಂದರೂ ಒಂದು ವಾರ ಬಿಡಿ.

ಮೊದಲ ಸಲಕ್ಕೆ ಸುವಾದಿಂದ ಸವುಸವು ಅಥವಾ ತವೆಉನಿಗೆ ರಾತ್ರಿ ಹಡಗು ಹಿಡಿಯಿರಿ. ಒಂದೇ ರಾತ್ರಿ. ನಿಮ್ಮ ಹೊಟ್ಟೆ ಏನು ಹೇಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಆಕ್ಲೆಂಡ್_ಕನ್ನಡತಿ

ಟೊಕೆಲೌಗೆ ಹೋಗಿಬಂದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾನಿಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನನ್ನ ಜೊತೆ ಕೆಲಸ ಮಾಡುವವರು ತಮ್ಮ ಊರಿಗೆ ಕರೆದರು. ಟೊಕೆಲೌ ನ್ಯೂಜಿಲೆಂಡಿನ ಆಡಳಿತಕ್ಕೆ ಸೇರಿದ್ದು, ಅಲ್ಲಿನವರು ನ್ಯೂಜಿಲೆಂಡ್ ಪೌರರು. ದ್ವೀಪಗಳಲ್ಲಿರುವುದು ಸುಮಾರು 1,500 ಜನ. ಅದರ ಹಲವು ಪಟ್ಟು ಜನ ಇಲ್ಲಿ ನ್ಯೂಜಿಲೆಂಡಿನಲ್ಲಿದ್ದಾರೆ.

ಹಡಗು ಹೊರಡುವುದು ಸಮೋವಾದ ಅಪಿಯಾದಿಂದ. ಹೆಸರು ಮತಾಲಿಕಿ. ಬಾಂಗ್ಲಾದೇಶದಲ್ಲಿ ಕಟ್ಟಿದ್ದು, 2016ರಿಂದ ಓಡುತ್ತಿದೆ. ಅಪಿಯಾದಿಂದ ಸುಮಾರು 500 ಕಿಲೋಮೀಟರ್. ಮೊದಲು ಸಿಗುವುದು ಫಕಾಓಫೋ, ಆಮೇಲೆ ನುಕುನೋನು, ಕೊನೆಗೆ ಅತಾಫು. ಮೊದಲ ದ್ವೀಪಕ್ಕೇ ಒಂದು ದಿನಕ್ಕಿಂತ ಜಾಸ್ತಿ ಹಿಡಿಯುತ್ತದೆ. ಸುಮಾರು ಎರಡು ವಾರಕ್ಕೊಮ್ಮೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ಅದೇ ಮೀನು ತರುವ, ಮಕ್ಕಳನ್ನು ಓದಿಗೆ ಕಳಿಸುವ, ರೋಗಿಯನ್ನು ಅಪಿಯಾ ಆಸ್ಪತ್ರೆಗೆ ಕರೆತರುವ ಹಡಗು.

ಟಿಕೆಟ್ ಕೊಂಡು ಹತ್ತಿಬಿಡುವ ಹಾಗಿಲ್ಲ. ಅಪಿಯಾದಲ್ಲಿರುವ ಟೊಕೆಲೌ ಕಚೇರಿಯಿಂದ ಅನುಮತಿ ಬೇಕು. ನೀವು ಇಳಿಯುವ ಊರಿನ ಹಿರಿಯರ ಮಂಡಳಿಯನ್ನು ತೌಪುಲೆಗ ಅನ್ನುತ್ತಾರೆ. ಅವರು ಒಪ್ಪಬೇಕು. ಎಲ್ಲಿ ಉಳಿಯುತ್ತೀರಿ ಅಂತ ಮೊದಲೇ ತೀರ್ಮಾನ ಆಗಿರಬೇಕು. ತಿಂಗಳುಗಟ್ಟಲೆ ಮುಂಚೆ ಪತ್ರ ಬರೆಯಿರಿ. ಅಲ್ಲಿ ಎಟಿಎಂ ಇಲ್ಲ, ನ್ಯೂಜಿಲೆಂಡ್ ಡಾಲರ್ ನಗದು ಬೇಕು.

ಘಟ್ಟದ_ಕೆಳಗೆ

ತುಂಬಾ ಥ್ಯಾಂಕ್ಸ್ ಅಕ್ಕ. ಇನ್ನೊಂದು ಕೇಳುತ್ತೇನೆ. ಬಂದರು ಇಲ್ಲ ಅಂತ ಎಲ್ಲೋ ಓದಿದೆ. ಹಾಗಾದರೆ ಇಳಿಯುವುದು ಹೇಗೆ?

ಆಕ್ಲೆಂಡ್_ಕನ್ನಡತಿ

ಅದೇ ಇಡೀ ಪ್ರಯಾಣದ ಕಷ್ಟದ ಭಾಗ. ಅಷ್ಟು ದೂರ ಬಂದು, ಕೊನೆಯ ಕೆಲವು ನೂರು ಮೀಟರ್ ದಾಟುವುದು.

ಹಡಗು ಹವಳದ ದಿಬ್ಬದ ಹೊರಗೆ ಎಂಜಿನ್ ನಡೆಸಿಕೊಂಡೇ ತೇಲುತ್ತಿರುತ್ತದೆ. ದ್ವೀಪದಿಂದ ಚಪ್ಪಟೆ ತಳದ ಅಲ್ಯೂಮಿನಿಯಂ ದೋಣಿ ಬರುತ್ತದೆ. ಹಡಗಿನ ಪಕ್ಕಕ್ಕೆ ಅದು ತಾಗಿದಾಗ ನೋಡಬೇಕು. ಈ ಕ್ಷಣ ನಿಮ್ಮ ಕಾಲಿನ ಸಮಕ್ಕೆ ಇರುತ್ತದೆ, ಮರುಕ್ಷಣ ಆಳೆತ್ತರ ಕೆಳಗೆ. ಜಾತ್ರೆ ತೊಟ್ಟಿಲಿನ ಹಾಗೆ ಏರುತ್ತದೆ, ಇಳಿಯುತ್ತದೆ. ಹಡಗಿನ ಬಾಗಿಲಲ್ಲಿ ಇಬ್ಬರು ನಿಂತು ನಿಮ್ಮ ಮುಂಗೈ ಮೇಲೆ ಹಿಡಿಯುತ್ತಾರೆ. ಕೆಳಗೆ ಇಬ್ಬರು ಕೈ ಚಾಚಿ ಕಾಯುತ್ತಾರೆ. ದೋಣಿ ಮೇಲೆ ಬಂದು ಒಂದು ಗಳಿಗೆ ನಿಂತಂತೆ ಆಗುತ್ತದೆ ನೋಡಿ, ಆಗ ಅವರು ಕೂಗುತ್ತಾರೆ. ಆಗಲೇ ಕಾಲಿಡಬೇಕು. ಯೋಚನೆ ಮಾಡುತ್ತಾ ನಿಂತರೆ ದೋಣಿ ಕೆಳಗೆ ಹೋಗಿರುತ್ತದೆ. ನನ್ನ ಮುಂದೆ ಒಬ್ಬ ಅಜ್ಜಿಯನ್ನು ಇಳಿಸಿದರು. ಅವರ ಒಂದು ಕೈಯಲ್ಲಿ ಮೊಟ್ಟೆಯ ಟ್ರೇ ಇತ್ತು. ಒಂದೂ ಒಡೆಯಲಿಲ್ಲ.

ಆಮೇಲೆ ದಿಬ್ಬದಲ್ಲಿ ಕೊರೆದ ಕಿರಿದಾದ ಕಾಲುವೆ. ದೋಣಿ ನಡೆಸುವವನು ಹಿಂದಿನ ಅಲೆಗಳನ್ನೇ ನೋಡುತ್ತಾ ನಿಲ್ಲುತ್ತಾನೆ. ದೊಡ್ಡ ಅಲೆಗಳು ಹೋದ ಮೇಲೆ ಒಂದೇ ಓಟ.

ಕೈಚೀಲ ಬೇಡ, ಬೆನ್ನಿಗೆ ಹಾಕುವ ಚೀಲ ಇರಲಿ. ಎರಡೂ ಕೈ ಖಾಲಿ ಇರಬೇಕು. ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ಪಾಸ್‌ಪೋರ್ಟ್, ಫೋನ್, ಔಷಧಿ ನೀರು ಹೋಗದ ಚೀಲದಲ್ಲಿ.

ಎಂಜಿನ್_ರೂಮ್

ನಾನು ಮಂಗಳೂರಿನವನು. ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದು ಈಗ ನಿವೃತ್ತ. ಪೆಸಿಫಿಕ್ ದಾಟಿದ್ದೇನೆ.

ಲಂಗರು ಯಾಕೆ ಹಾಕುವುದಿಲ್ಲ ಅಂತ ಹಲವರಿಗೆ ಅನಿಸಬಹುದು. ಈ ಹವಳದ ದ್ವೀಪಗಳು ಸಮುದ್ರದ ತಳದಿಂದ ಎದ್ದ ಹಳೆಯ ಜ್ವಾಲಾಮುಖಿಗಳ ತುದಿ. ಬೆಟ್ಟ ಕುಸಿಯುತ್ತಾ ಹೋಯಿತು, ಹವಳ ಮೇಲೆ ಬೆಳೆಯುತ್ತಾ ಬಂತು. ಹಾಗಾಗಿ ದಿಬ್ಬದ ಅಂಚು ದಾಟಿದ ಕೂಡಲೇ ಗೋಡೆ ಇಳಿದ ಹಾಗೆ ಆಳ. ಸರಪಳಿ ಮುಟ್ಟುವುದಿಲ್ಲ, ಮುಟ್ಟಿದರೂ ಗಾಳಿ ತಿರುಗಿದರೆ ಹಡಗೇ ದಿಬ್ಬದ ಮೇಲೆ. ಗಾಳಿ ಇಲ್ಲದ ದಿನವೂ ದೊಡ್ಡ ಅಲೆ ಬರುತ್ತದೆ. ಅದು ದಕ್ಷಿಣದಲ್ಲಿ ಸಾವಿರಾರು ಕಿಲೋಮೀಟರ್ ಆಚೆ ಎದ್ದ ಬಿರುಗಾಳಿಯದು. ಆಕಾಶ ತಿಳಿಯಾಗಿದೆ, ಆದರೂ ಇಳಿಸುವುದಿಲ್ಲ ಅಂದರೆ ಜಗಳ ಆಡಬೇಡಿ.

ಇನ್ನೊಂದು ವಿಷಯ ಕಟುವಾಗಿಯೇ ಹೇಳುತ್ತೇನೆ. ಈ ಭಾಗದ ಎಲ್ಲಾ ಹಡಗೂ ಒಂದೇ ಅಲ್ಲ. 2009ರ ಆಗಸ್ಟ್ 5ರ ರಾತ್ರಿ ಟೋಂಗಾದಲ್ಲಿ ಪ್ರಿನ್ಸೆಸ್ ಅಶಿಕಾ ಮುಳುಗಿತು. 74 ಜನ ಸತ್ತರು. ಹೆಂಗಸರು, ಮಕ್ಕಳು ಒಳಗೆ ಮಲಗಿದ್ದರು, ಅವರಲ್ಲಿ ಒಬ್ಬರೂ ಉಳಿಯಲಿಲ್ಲ. ತುಕ್ಕು ಹಿಡಿದ ಹಳೆಯ ಹಡಗು, ಸಮುದ್ರಕ್ಕೆ ಇಳಿಯುವ ಯೋಗ್ಯತೆಯೇ ಇರಲಿಲ್ಲ ಅಂತ ತನಿಖೆ ಹೇಳಿತು. 2018ರ ಜನವರಿಯಲ್ಲಿ ಕಿರಿಬಾಸ್‌ನ ನೊನೌತಿಯಿಂದ ತರಾವಾದ ಬೆಸಿಯೋಗೆ ಹೊರಟ ಬುತಿರಾಓಯಿ ಅನ್ನುವ ಮರದ ದೋಣಿ ಒಡೆಯಿತು. ಉಳಿದವರು ಏಳೇ ಜನ. ಸತ್ತವರು 90ಕ್ಕೂ ಹೆಚ್ಚು. ದೋಣಿ ಬಂದಿಲ್ಲ ಅಂತ ಹೊರಗೆ ತಿಳಿಯುವುದಕ್ಕೇ ಒಂದು ವಾರ ಆಯಿತು. ಹುಡುಕಲು ಹೋದ ನ್ಯೂಜಿಲೆಂಡ್ ವಾಯುಪಡೆಯ ವಿಮಾನ ಆ ಏಳು ಜನರನ್ನು ಸಣ್ಣ ದೋಣಿಯಲ್ಲಿ ಕಂಡಿತು.

ಆ ಒಂದು ವಾರ ಅನ್ನುವುದು ನನಗೆ ಇಂದಿಗೂ ನುಂಗಲಾಗದ ಮಾತು. ಹಾಗಾಗಿ ಕೈಯಲ್ಲಿ ಹಿಡಿಯುವ ಉಪಗ್ರಹ ಬೀಕನ್, ಅಂದರೆ ಅಪಾಯದಲ್ಲಿ ನೀವೆಲ್ಲಿದ್ದೀರಿ ಅಂತ ಉಪಗ್ರಹದ ಮೂಲಕ ತಿಳಿಸುವ ಸಾಧನ, ಒಂದು ಕೊಳ್ಳಿ. ಮೊಬೈಲಿಗಿಂತ ಸ್ವಲ್ಪ ದಪ್ಪ ಇರುತ್ತದೆ. ನಿಮ್ಮ ಹೆಸರಿನಲ್ಲಿ ನೋಂದಾಯಿಸಿ, ಮೈಮೇಲೇ ಇಟ್ಟುಕೊಳ್ಳಿ. ಚೀಲದಲ್ಲಿಟ್ಟರೆ ಪ್ರಯೋಜನ ಇಲ್ಲ. ಹತ್ತಿದ ಕೂಡಲೇ ಲೈಫ್ ಜಾಕೆಟ್ ಎಲ್ಲಿದೆ ನೋಡಿ. ಪೆಟ್ಟಿಗೆಗೆ ಬೀಗ ಹಾಕಿದ್ದರೆ, ಜನ ಮೆಟ್ಟಿಲ ಮೇಲೂ ಕೂತಿದ್ದರೆ, ಹಡಗು ನಿಂತಲ್ಲೇ ಒಂದು ಕಡೆ ವಾಲಿದ್ದರೆ ಇಳಿದುಬಿಡಿ. ದುಡ್ಡು ಹೋದರೆ ಹೋಗಲಿ. ರಾತ್ರಿ ಒಳಗಿನ ಕೋಣೆಗಿಂತ ಮೇಲಿನ ಡೆಕ್‌ನಲ್ಲಿ, ಬಾಗಿಲ ಹತ್ತಿರ ಮಲಗಿ.

ತುಂಗಾತೀರ

ಸರ್, ಸುಮ್ನೆ ಹೆದರಿಸಿದ ಹಾಗೆ ಆಗುವುದಿಲ್ಲವಾ? ಅಲ್ಲಿಯ ಜನ ವರ್ಷವಿಡೀ ಓಡಾಡುತ್ತಾರೆ ಅಲ್ವಾ?

ಎಂಜಿನ್_ರೂಮ್

ಓಡಾಡುತ್ತಾರೆ, ಯಾಕೆಂದರೆ ಅವರಿಗೆ ಬೇರೆ ದಾರಿ ಇಲ್ಲ. ನಮಗೆ ಇದೆ. ಹೆದರಿ ಅಂತ ಹೇಳುತ್ತಿಲ್ಲ, ಆರಿಸಿಕೊಳ್ಳಿ ಅಂತ ಹೇಳುತ್ತಿದ್ದೇನೆ. ಮತಾಲಿಕಿಯಂಥ ಹೊಸ ಹಡಗು, ಟುವಾಲುವಿನ ನಿವಾಗ 3, ಇವೆಲ್ಲ ಅದಕ್ಕೆಂದೇ ಕಟ್ಟಿದ ಹಡಗುಗಳು. ತೊಂದರೆ ಇರುವುದು ದ್ವೀಪದಿಂದ ದ್ವೀಪಕ್ಕೆ ಓಡುವ, ಯಾರೂ ತಪಾಸಣೆ ಮಾಡದ ಸಣ್ಣ ದೋಣಿಗಳಲ್ಲಿ. ಹೊರಗಿನ ಎಂಜಿನ್ ಒಂದೇ ಇದ್ದು, ಅದು ಕೈಕೊಟ್ಟರೆ ಹುಟ್ಟು ಕೂಡ ಇಲ್ಲದವು.

ಸುವಾ_ವಾಸಿ

ಅವರು ಹೇಳಿದ್ದು ಸರಿ. ನಿವಾಗ 3 ಜಪಾನ್ ಕೊಟ್ಟದ್ದು. ಟುವಾಲುವಿನ ಫುನಾಫುತಿಗೆ ವಿಮಾನ ಇದೆ, ಆದರೆ ನಾನುಮೆಆ, ನಿಯುತಾಓನಂಥ ಹೊರದ್ವೀಪಗಳಿಗೆ ಹಡಗೊಂದೇ ಗತಿ. ಒಮ್ಮೆ ಇಳಿದರೆ ಅದು ಮತ್ತೆ ಬರುವ ತನಕ ಅಲ್ಲೇ. ಎರಡು ತಿಂಗಳಿದ್ದರೆ ಟೊಕೆಲೌ ಮತ್ತು ಟುವಾಲು ಎರಡನ್ನೂ ತುರುಕಬೇಡಿ. ಒಂದು ಸಾಕು.

ಹಾಯಿ_ಮತ್ತು_ಗಾಳಿ

ಹಾಯಿದೋಣಿಯ ದಾರಿಯನ್ನು ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಪ್ರತಿ ವರ್ಷ ನೂರಾರು ಖಾಸಗಿ ಹಾಯಿದೋಣಿಗಳು ಪನಾಮಾ, ಮೆಕ್ಸಿಕೋ ಕಡೆಯಿಂದ ಹೊರಟು ಫ್ರೆಂಚ್ ಪಾಲಿನೇಷ್ಯಾದ ಮಾರ್ಕೇಸಸ್, ತುವಾಮೋತು, ತಾಹಿತಿ, ಆಮೇಲೆ ಕುಕ್ ದ್ವೀಪಗಳು, ಟೋಂಗಾ, ಫಿಜಿ ಅಂತ ಪಶ್ಚಿಮಕ್ಕೆ ಬರುತ್ತವೆ. ಹಿಂದಿನಿಂದ ವ್ಯಾಪಾರ ಮಾರುತ ತಳ್ಳುತ್ತದೆ. ಗಲಾಪಗೋಸ್‌ನಿಂದ ಮಾರ್ಕೇಸಸ್‌ಗೆ ಸುಮಾರು 3,000 ನಾಟಿಕಲ್ ಮೈಲಿ. ಮೂರು ನಾಲ್ಕು ವಾರ ನೆಲ ಕಾಣುವುದಿಲ್ಲ. ಪಾಳಿಯಲ್ಲಿ ಎಚ್ಚರ ಇರಲು ದೋಣಿಯವರಿಗೆ ಆಳು ಬೇಕು. ನಾನು ಹೋದದ್ದು ಹಾಗೆ. ಊಟದ ಖರ್ಚು ಹಂಚಿಕೊಂಡು, ರಾತ್ರಿ ಪಾಳಿ ಮಾಡಿಕೊಂಡು.

ಎರಡು ಎಚ್ಚರಿಕೆ. ಒಂದು, ದೋಣಿಯಲ್ಲಿ ಬಂದವರು ದೇಶ ಬಿಟ್ಟು ಹೋಗುವ ಹೊಣೆ ಕ್ಯಾಪ್ಟನ್ ಮೇಲಿರುತ್ತದೆ. ಹಾಗಾಗಿ ವಲಸೆ ಕಚೇರಿಯವರು ನಿಮ್ಮ ವಾಪಸ್ ಟಿಕೆಟ್ ಕೇಳುತ್ತಾರೆ. ಕ್ಯಾಪ್ಟನ್ ಜೊತೆ ಕರಾರು ಹೊರಡುವ ಮುಂಚೆಯೇ ಬರೆದುಕೊಳ್ಳಿ. ಎರಡು, ಮನುಷ್ಯರು ಹೊಂದದಿದ್ದರೆ ನಡುನೀರಿನಲ್ಲಿ ಇಳಿದು ಹೋಗಲು ಆಗುವುದಿಲ್ಲ. ಮೊದಲು ಕರಾವಳಿಯಲ್ಲಿ ಒಂದೆರಡು ದಿನ ಜೊತೆಗೆ ಓಡಾಡಿ ನೋಡಿ.

ನನಗೆ ಅತಿ ಇಷ್ಟವಾದದ್ದು ತುವಾಮೋತು. ಬಳೆಯಾಕಾರದ ಹವಳದ ದ್ವೀಪ, ನಡುವೆ ಲಗೂನ್, ಅಂದರೆ ಕಡಲ ನೀರಿನ ಕೊಳ. ಒಳಗೆ ಹೋಗಲು ದಿಬ್ಬದಲ್ಲಿ ಒಂದೋ ಎರಡೋ ಕಂಡಿ ಇರುತ್ತದೆ, ಅದಕ್ಕೆ ಪಾಸ್ ಅನ್ನುತ್ತಾರೆ. ಇಡೀ ಲಗೂನಿನ ನೀರು ಅದರಲ್ಲೇ ಹೋಗಿ ಬರಬೇಕು. ನೀರು ಹೊರಗೆ ಓಡುವಾಗ ಎದುರಿನಿಂದ ಗಾಳಿ ಬಂದರೆ ಬಾಯಲ್ಲೇ ನಿಂತ ಅಲೆ ಏಳುತ್ತದೆ. ಉಬ್ಬರ ಇಳಿತ ಬದಲಾಗುವ ಶಾಂತ ಹೊತ್ತಿಗೆ ಕಾಯಬೇಕು. ಪಟ್ಟಿಯಲ್ಲಿ ಬರೆದ ಹೊತ್ತನ್ನೇ ನಂಬುವ ಹಾಗಿಲ್ಲ. ದಕ್ಷಿಣದಿಂದ ದೊಡ್ಡ ಅಲೆ ಇದ್ದರೆ ಅದು ದಿಬ್ಬದ ಮೇಲಿಂದ ಲಗೂನಿಗೆ ನೀರು ತುಂಬುತ್ತಲೇ ಇರುತ್ತದೆ, ಹೊರಹರಿವು ನಿಲ್ಲುವುದೇ ಇಲ್ಲ. ಒಳಗೆ ಹೋದ ಮೇಲೂ ಸೂರ್ಯ ನೆತ್ತಿಯ ಹತ್ತಿರ ಅಥವಾ ಬೆನ್ನ ಹಿಂದೆ ಇರಬೇಕು. ಆಗ ಹವಳದ ತಲೆಗಳು ಕಂದು ಬಣ್ಣದಲ್ಲಿ ಕಾಣುತ್ತವೆ. ಎದುರು ಬಿಸಿಲಿದ್ದರೆ ಬರೀ ಹೊಳಪು. ಒಬ್ಬರು ಮೂತಿಯಲ್ಲಿ ನಿಂತು ಕೈ ಸನ್ನೆ ಮಾಡುತ್ತಾ ಇರಬೇಕು.

ಕುಕ್ ದ್ವೀಪಗಳ ಪಾಮರ್‌ಸ್ಟನ್ ಬಗ್ಗೆಯೂ ಹೇಳಬೇಕು. 1863ರಲ್ಲಿ ವಿಲಿಯಂ ಮಾರ್ಸ್ಟರ್ಸ್ ಅನ್ನುವವನು ಬಂದು ನೆಲೆಸಿದ, ಈಗಲೂ ಅಲ್ಲಿರುವುದು ಅವನ ಸಂತತಿಯ ಕೆಲವೇ ಮನೆಗಳು. ವಿಮಾನ ಇಲ್ಲ. ಹಾಯಿದೋಣಿ ಬಂದರೆ ಮೊದಲು ಎದುರುಗೊಂಡ ಮನೆಯವರೇ ನಿಮ್ಮ ಆತಿಥೇಯರು. ಹೊರಡುವ ತನಕ ಊಟ, ಓಡಾಟ ಎಲ್ಲ ಅವರದೇ. ನೀವೂ ಬರಿಗೈಯಲ್ಲಿ ಹೋಗಬೇಡಿ. ಕುಕ್ ದ್ವೀಪಗಳ ಮುಖ್ಯ ದ್ವೀಪ ರಾರೋತೊಂಗಾದಿಂದ ಅವರ ಸಾಮಾನು ಏನಾದರೂ ತರಬೇಕಾ ಅಂತ ಕೇಳಿ.

ಮೈಸೂರು_ಪಯಣಿಗ

ದುಡ್ಡು ಇದೆ, ಕಷ್ಟ ಬೇಡ ಅನ್ನುವವರಿಗೆ ಅರಾನುಯಿ 5 ಇದೆ. ತಾಹಿತಿಯ ಪಪೀತೆಯಿಂದ ಮಾರ್ಕೇಸಸ್‌ಗೆ ಹೋಗಿಬರುತ್ತದೆ. ಅರ್ಧ ಸರಕು ಹಡಗು, ಅರ್ಧ ಪ್ರವಾಸಿ ಹಡಗು. ಮುಂದೆ ಕ್ರೇನ್, ಹಿಂದೆ ಕೋಣೆಗಳು. ಸಿಮೆಂಟ್, ಜೀಪು ಇಳಿಸಿ ಕೊಬ್ಬರಿ ಹತ್ತಿಸುವುದನ್ನು ನಿಂತು ನೋಡಬಹುದು. ನಾನು ಇಷ್ಟಪಟ್ಟದ್ದು ಅದನ್ನೇ.

ಘಟ್ಟದ_ಕೆಳಗೆ

ಪಿಟ್‌ಕೇರ್ನ್ ಕೂಡ ತಲೆಯಲ್ಲಿತ್ತು. ಬೌಂಟಿ ಹಡಗಿನ ದಂಗೆಕೋರರು ನೆಲೆಸಿದ ದ್ವೀಪ. ಯಾರಾದರೂ?

ಹಾಯಿ_ಮತ್ತು_ಗಾಳಿ

ತಾಹಿತಿಯಿಂದ ಮಂಗರೇವಾಗೆ ವಿಮಾನ, ಅಲ್ಲಿಂದ ಸಿಲ್ವರ್ ಸಪೋರ್ಟರ್ ಹಡಗು. ಸುಮಾರು 530 ಕಿಲೋಮೀಟರ್, ಒಂದೂವರೆ ದಿನ. ಪ್ರಯಾಣಿಕರಿಗೆ 12 ಜಾಗ ಮಾತ್ರ. ಬೌಂಟಿ ಬೇ ಹೊರಗೆ ದ್ವೀಪದವರ ಉದ್ದ ದೋಣಿ ಬಂದು ಕರೆದೊಯ್ಯುತ್ತದೆ. ಊರಿನಲ್ಲಿರುವುದು ಸುಮಾರು 50 ಜನ. ಫ್ರೆಂಚ್ ಪಾಲಿನೇಷ್ಯಾ ವೀಸಾ ಬೇಕೇ ಬೇಕು, ತುರ್ತು ಚಿಕಿತ್ಸೆಗೆ ಹೊರಗೆ ಸಾಗಿಸುವ ವಿಮೆಯೂ ಬೇಕು. ಖರ್ಚು ತುಂಬಾ ಜಾಸ್ತಿ. ನಿಮ್ಮ ಈ ಪ್ರವಾಸಕ್ಕೆ ಸೇರಿಸಬೇಡಿ.

ತುಂಗಾತೀರ

ಎಲ್ಲ ಓದಿದೆ. ಒಂದು ಮಾತು ಕೇಳಲೇಬೇಕು ಅನಿಸುತ್ತಿದೆ. ಎರಡು ವಾರಕ್ಕೆ ಒಂದು ಹಡಗು. ಅದರಲ್ಲಿ ರೋಗಿಗಳು, ವಿದ್ಯಾರ್ಥಿಗಳು, ಮಣ್ಣು ಮಾಡಲು ಊರಿಗೆ ಹೋಗುವವರು. ಅಲ್ಲಿ ನಾವು ನೋಡುವ ಆಸೆಗೆ ಒಂದು ಜಾಗ ಹಿಡಿಯುವುದು ಸರಿಯಾ?

ಆಕ್ಲೆಂಡ್_ಕನ್ನಡತಿ

ಒಳ್ಳೆಯ ಪ್ರಶ್ನೆ. ನನಗೂ ಇದೇ ಮುಖ್ಯ. ನನ್ನ ಉತ್ತರ ಹೀಗಿದೆ: ಜಾಗ ಉಳಿದರೆ ಹೋಗಿ, ಉಳಿಯದಿದ್ದರೆ ಮುಖ ಸಿಂಡರಿಸದೆ ಇಳಿಯಿರಿ. ಹಡಗು ಊರಿನವರದು, ಮೊದಲ ಹಕ್ಕು ಅವರದೇ. ಕ್ರಿಸ್‌ಮಸ್ ಹೊತ್ತಿಗೆ ನ್ಯೂಜಿಲೆಂಡಿನಿಂದ, ಸಮೋವಾದಿಂದ ಮನೆಗೆ ಹೋಗುವವರು ತುಂಬಿರುತ್ತಾರೆ. ಆಗಂತೂ ಕೇಳಲೇಬೇಡಿ. ಅಪಿಯಾದಲ್ಲಿ ಒಂದು ಸಲ ಜಾಗ ತಪ್ಪಿದರೂ ತಡೆದುಕೊಳ್ಳುವಷ್ಟು ಸಮಯ, ದುಡ್ಡು ಇಟ್ಟುಕೊಂಡೇ ಹೊರಡಿ. ಅದಿಲ್ಲದವರು ಹೋಗಬಾರದು ಅಂತಲೇ ನನ್ನ ಅಭಿಪ್ರಾಯ.

ಅಲ್ಲಿ ಮುಟ್ಟಿದ ಮೇಲೂ ಅಷ್ಟೇ. ಕುಡಿಯುವ ನೀರು ಚಾವಣಿಯಿಂದ ಹಿಡಿದ ಮಳೆನೀರು. ಹೊಳೆ ಇಲ್ಲ, ನೆಲ ಸಮುದ್ರಕ್ಕಿಂತ ಐದು ಮೀಟರ್ ಕೂಡ ಎತ್ತರ ಇಲ್ಲ. ಬಕೆಟ್ ಲೆಕ್ಕದಲ್ಲಿ ಸ್ನಾನ ಮಾಡಿ. ಪ್ಲಾಸ್ಟಿಕ್ ಕಸ ನೀವೇ ವಾಪಸ್ ತನ್ನಿ. ಭಾನುವಾರ ಚರ್ಚಿನ ದಿನ, ಅಂದು ಈಜುವುದು, ಮೀನು ಹಿಡಿಯುವುದು ಬೇಡ. ಇನಾತಿ ಅಂತ ಒಂದು ಪದ್ಧತಿ ಇದೆ. ಊರೆಲ್ಲ ಸೇರಿ ಹಿಡಿದ ಮೀನನ್ನು ಒಂದೇ ಕಡೆ ರಾಶಿ ಹಾಕಿ ಮನೆಮನೆಗೆ ಪಾಲು ಮಾಡುತ್ತಾರೆ. ದೋಣಿ ಇಲ್ಲದ ವಿಧವೆಗೂ ಪಾಲು, ಮಗುವಿಗೂ ಲೆಕ್ಕ. ಪಾಲು ತರಲು ಬರುವುದು ಮಕ್ಕಳು. ಅದನ್ನು ಕಣ್ಣಾರೆ ನೋಡಿದೆ. ನಿಮಗೂ ನೋಡಲು ಸಿಗಲಿ.

ನಕ್ಷತ್ರ_ನೋಡುಗ

ಹಡಗಿನಲ್ಲಿ ಹೋಗುವವರು ಒಂದು ಕೆಲಸ ಮಾಡಿ. ರಾತ್ರಿ ಡೆಕ್ ಮೇಲೆ ಬಂದು ಪೂರ್ವದಲ್ಲಿ ನಕ್ಷತ್ರ ಏಳುವ ಜಾಗ ನೋಡಿ. ಇದೇ ಜನರ ಹಿರಿಯರು ದಿಕ್ಸೂಚಿ ಇಲ್ಲದೆ ಈ ಇಡೀ ಸಾಗರ ದಾಟಿದರು. ಯಾವ ನಕ್ಷತ್ರ ಎಲ್ಲಿ ಏಳುತ್ತದೆ, ಎಲ್ಲಿ ಮುಳುಗುತ್ತದೆ ಅನ್ನುವುದೇ ಅವರ ದಿಕ್ಕು. ಮೋಡ ಕವಿದರೆ ಅಲೆ. ಬೇರೆ ಬೇರೆ ದಿಕ್ಕಿನ ಅಲೆಗಳು ದೋಣಿಯನ್ನು ಬೇರೆ ಬೇರೆ ಥರ ಅಲ್ಲಾಡಿಸುತ್ತವೆ. ಸಂಜೆ ಬಿಳಿ ಟರ್ನ್ ಹಕ್ಕಿಗಳು ನೆಲದ ಕಡೆ ಹಾರುತ್ತವೆ, ಅದನ್ನು ಹಿಂಬಾಲಿಸಿದರೆ ದ್ವೀಪ. 1769ರಲ್ಲಿ ರಾಯಿಯಾತೆಯಾದ ತುಪಾಯ ಕ್ಯಾಪ್ಟನ್ ಕುಕ್ ಹಡಗು ಹತ್ತಿ ಹತ್ತಾರು ದ್ವೀಪಗಳನ್ನು ನೆನಪಿನಿಂದಲೇ ಗುರುತಿಸಿದ್ದ. ಇದೆಲ್ಲ ಕಟ್ಟುಕಥೆ, ಗಾಳಿ ತಳ್ಳಿದ ಕಡೆ ಹೋಗಿ ಬಿದ್ದವರು ಅಂತ ಹಲವರು ವಾದ ಮಾಡಿದರು. 1976ರಲ್ಲಿ ಸತವಾಲ್ ದ್ವೀಪದ ಮಾವು ಪಿಯಾಯಿಲುಗ್ ಹೊಕುಲೆಅ ಅನ್ನುವ ಜೋಡಿದೋಣಿಯನ್ನು ಹವಾಯಿಯಿಂದ ತಾಹಿತಿಗೆ ಉಪಕರಣ ಇಲ್ಲದೆ ತಂದು ತೋರಿಸಿದರು. ಪಪೀತೆಯ ದಡದಲ್ಲಿ ಸಾವಿರಾರು ಜನ ಸೇರಿದ್ದರು. ಪ್ರವಾಸದ ಪಟ್ಟಿಗಿಂತ ಇದು ನನಗೆ ದೊಡ್ಡದು.

ಸುವಾ_ವಾಸಿ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಹಡಗಿನಲ್ಲಿ ಅನ್ನ, ಡಬ್ಬಿ ಮೀನು, ಡಬ್ಬಿ ಮಾಂಸ. ಸಸ್ಯಾಹಾರಿಗೆ ಅನ್ನ ಮಾತ್ರ ಉಳಿಯುತ್ತದೆ. ಫಿಜಿಯಲ್ಲಿ ಗಿರ್ಮಿಟ್ ಕಾಲದಿಂದ ನಮ್ಮವರಿದ್ದಾರೆ. 1879ರಿಂದ 1916ರ ತನಕ 60,000ಕ್ಕೂ ಹೆಚ್ಚು ಜನ ಕೂಲಿಗಳಾಗಿ ಬಂದರು, 1903ರಿಂದ ಮದ್ರಾಸ್ ಬಂದರಿನಿಂದಲೂ ಬಂದರು. ಹಾಗಾಗಿ ಬೇಳೆ, ಹಿಟ್ಟು, ಸಾಸಿವೆ, ಮೆಣಸಿನಪುಡಿ ಸುವಾದಲ್ಲೇ ಸಿಗುತ್ತದೆ. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ತಂದರೆ ವಿಮಾನ ನಿಲ್ದಾಣದಲ್ಲಿ ಫಾರಂನಲ್ಲಿ ಬರೆಯಿರಿ. ಮುಚ್ಚಿಟ್ಟರೆ ದಂಡ. ದ್ವೀಪದಲ್ಲಿ ಹಲಸಿನ ಜಾತಿಯ ಬ್ರೆಡ್‌ಫ್ರೂಟ್, ತೆಂಗು, ಬಾಳೆ, ಕೆಸುವಿನ ಗೆಡ್ಡೆ ಇರುತ್ತದೆ. ಆದರೆ ಆತಿಥೇಯರಿಗೆ ಮೊದಲೇ ತಿಳಿಸಿ. ಅವರು ಕೊಡುವುದೆಲ್ಲ ಮೀನು, ಬೇಡ ಅಂದರೆ ಬೇಜಾರಾಗುತ್ತದೆ.

ಫಿಜಿಯ ಹಳ್ಳಿಗೆ ಹೋದರೆ ಯಂಗೋನಾ (ಕವಾ ಪಾನೀಯ ಮಾಡುವ ಗಿಡ) ಬೇರಿನ ಕಟ್ಟು ಸುವಾ ಮಾರುಕಟ್ಟೆಯಲ್ಲಿ ಕೊಂಡು ಊರ ಮುಖ್ಯಸ್ಥರ ಮುಂದಿಡಿ. ಅದಕ್ಕೆ ಸೆವುಸೆವು ಅನ್ನುತ್ತಾರೆ. ಟೋಪಿ, ತಂಪು ಕನ್ನಡಕ ತೆಗೆದು ಹೋಗಿ.

ಎಂಜಿನ್_ರೂಮ್

ಅವೊಮಿನ್ ಕೆಲಸ ಮಾಡುತ್ತದೆ. ಹಡಗು ಹೊರಡುವ ಮುಂಚೆ ತೆಗೆದುಕೊಳ್ಳಿ. ವಾಂತಿ ಶುರುವಾದ ಮೇಲೆ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಿದ್ದೆ ಬರುತ್ತದೆ, ಹಾಗಾಗಿ ಕಂಬಿ ಇಲ್ಲದ ಕಡೆ ನಿಲ್ಲಬೇಡಿ. ಹಡಗಿನ ಮಧ್ಯಭಾಗದಲ್ಲಿ, ಕೆಳಮಟ್ಟದಲ್ಲಿ ಅಲುಗಾಟ ಕಡಿಮೆ. ಬಾಗಿಲ ಹತ್ತಿರ ಮಲಗಿ ಅಂದಿದ್ದೆ, ಎರಡೂ ಸಿಗುವ ಜಾಗ ಹುಡುಕಿ. ದಿಗಂತ ನೋಡಿ, ಫೋನ್ ನೋಡಬೇಡಿ. ಒಣ ಬಿಸ್ಕತ್ತು, ಶುಂಠಿ ಇರಲಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ.

ಘಟ್ಟದ_ಕೆಳಗೆ

ಎಲ್ಲರಿಗೂ ಕೃತಜ್ಞತೆ. ಈಗಿನ ಯೋಜನೆ ಇದು. ಮೇ ಕೊನೆಯಲ್ಲಿ ಸಿಂಗಪುರ, ನಾಂದಿ. ಸುವಾದಿಂದ ತವೆಉನಿಗೆ ರಾತ್ರಿ ಹಡಗು. ಆಮೇಲೆ ಅಪಿಯಾ. ಟೊಕೆಲೌ ಕಚೇರಿಗೆ ಈ ವಾರವೇ ಪತ್ರ. ಒಪ್ಪಿದರೆ ಒಂದೇ ದ್ವೀಪ, ನುಕುನೋನು. ಒಪ್ಪದಿದ್ದರೆ ಸಮೋವಾದಲ್ಲೇ ಉಪೋಲು, ಸವಾಯಿ ಓಡಾಡಿಕೊಂಡು ಬರುತ್ತೇನೆ. ತಿಂಗಳು ಸರಿಯಿದೆಯಾ?

ಸುವಾ_ವಾಸಿ

ಸರಿಯಿದೆ. ನವೆಂಬರ್‌ನಿಂದ ಏಪ್ರಿಲ್ ತನಕ ಚಂಡಮಾರುತದ ಕಾಲ. ಟೊಕೆಲೌಗೂ 2005ರಲ್ಲಿ ಪರ್ಸಿ ಹೊಡೆದಿತ್ತು. ಜುಲೈ, ಆಗಸ್ಟ್‌ನಲ್ಲಿ ಮಳೆ ಕಡಿಮೆ, ಆದರೆ ಆಗ್ನೇಯದ ಗಾಳಿ ಜೋರು, ಸಮುದ್ರ ಒರಟು. ಮೇ, ಜೂನ್ ಒಳ್ಳೆಯ ಆಯ್ಕೆ. ಉಪೋಲುವಿನ ಮುಲಿಫನುವಾದಿಂದ ಸವಾಯಿಗೆ ದಿನಾ ಫೆರ್ರಿ ಇದೆ, ಒಂದೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಅಲ್ಲಿಂದ ಅಮೆರಿಕನ್ ಸಮೋವಾಗೆ ಹೋಗುವ ಯೋಚನೆ ಬಂದರೆ ಎರಡು ವಿಷಯ: ಅದಕ್ಕೆ ಬೇರೆ ಅನುಮತಿ ಬೇಕು, ಮತ್ತು ತಾರೀಖು ಒಂದು ದಿನ ಹಿಂದೆ. ಸಮೋವಾ, ಟೊಕೆಲೌ ಎರಡೂ 2011ರ ಡಿಸೆಂಬರ್ 30ನ್ನು ಬಿಟ್ಟು ಅಂತರರಾಷ್ಟ್ರೀಯ ದಿನಾಂಕ ರೇಖೆಯ ಈಚೆ ಬಂದವು, ಅಮೆರಿಕನ್ ಸಮೋವಾ ಆಚೆಯೇ ಉಳಿಯಿತು. ಟಿಕೆಟ್ ಮಾಡುವಾಗ ತಾರೀಖು ಎರಡು ಸಲ ನೋಡಿ.

ಆಕ್ಲೆಂಡ್_ಕನ್ನಡತಿ

ಪತ್ರದಲ್ಲಿ ಯಾಕೆ ಬರುತ್ತೀರಿ, ಎಷ್ಟು ದಿನ, ಏನು ಕೆಲಸ ಬಲ್ಲಿರಿ ಅಂತ ನೇರವಾಗಿ ಬರೆಯಿರಿ. ಅಲ್ಲಿ 2012ರಿಂದ ಕರೆಂಟ್ ಬಹುಪಾಲು ಸೌರಫಲಕದಿಂದ. ಕಂಪ್ಯೂಟರ್, ವಿದ್ಯುತ್ ಕೆಲಸ ಗೊತ್ತಿದ್ದರೆ ಶಾಲೆಯವರು ಖುಷಿಯಿಂದ ಕರೆಸಿಕೊಳ್ಳಬಹುದು. ಅಪಿಯಾದಲ್ಲಿ ಹತ್ತುವ ಮುಂಚೆ ನಿಮ್ಮ ಆತಿಥೇಯರಿಗೆ ಫೋನ್ ಮಾಡಿ ಏನು ಬೇಕು ಕೇಳಿ. ಈರುಳ್ಳಿ, ಆಲೂಗೆಡ್ಡೆ ಅಂತಲೇ ಹೇಳುತ್ತಾರೆ. ಒಂದು ಮೂಟೆ ಜಾಸ್ತಿಯೇ ತೆಗೆದುಕೊಳ್ಳಿ.